ಉಳಿದ ತೊಂಬತ್ತು ಯಾರದ್ದು?

2004ರಲ್ಲಿ ಬೆಂಗಳೂರಿನ ಸುದ್ದಗುಂಟೆಪಾಳ್ಯದ ಆಸುಪಾಸಿನ ಕ್ರೈಸ್ತ ಮನೆಗಳ ಖರ್ಚುವೆಚ್ಚಕ್ಕೆ ಸಂಬಂಧಪಟ್ಟ ಎರಡು ಸಂಗತಿಗಳು ನಡೆದವು. ಹೊಸೂರು ರಸ್ತೆಯಲ್ಲಿ ಫೋರಂ ಮಾಲ್ ಬಾಗಿಲು ತೆರೆಯಿತು. ಅದೇ ವರ್ಷ ಕರ್ನಾಟಕ ಸರ್ಕಾರ ಮನೆಗೆಲಸದವರನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು ಅಧಿಸೂಚನೆ ಹೊರಡಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಮಾಲ್ ಬಗ್ಗೆ ಅಂದಿನಿಂದ ಇಂದಿನವರೆಗೆ ಚರ್ಚಿನಲ್ಲಿ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಯುವಜನರು ಅಲ್ಲಿ ಹೋಗಿ ಹಣ ಸುರಿಯುತ್ತಾರೆ, ಬ್ರ್ಯಾಂಡಿನ ಬೂಟು ಬೇಕೆನ್ನುತ್ತಾರೆ, ಲೋಕದ ವ್ಯಾಮೋಹ ಸಭೆಯೊಳಕ್ಕೆ ನುಗ್ಗುತ್ತಿದೆ ಎಂಬ ಎಚ್ಚರಿಕೆ ಪ್ರತಿ ಉಪವಾಸ ಕಾಲದಲ್ಲೂ ಬರುತ್ತದೆ. ಎರಡನೆಯ ಸಂಗತಿಯ ಬಗ್ಗೆ ಒಂದೇ ಒಂದು ಪ್ರಸಂಗ ಕೇಳಿದ ನೆನಪಿಲ್ಲ. ಅಂಥ ಅಧಿಸೂಚನೆ ಇದೆ ಎಂಬುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಣದ ವಿಷಯದಲ್ಲಿ ನಮ್ಮ ಭಕ್ತಿಯ ಕಣ್ಣು ಎತ್ತ ನೋಡುತ್ತದೆ, ಎತ್ತ ನೋಡುವುದಿಲ್ಲ ಎಂಬುದು ಇಷ್ಟರಲ್ಲೇ ಕಾಣುತ್ತದೆ.

ನಮ್ಮ ಸಭೆಗಳಲ್ಲಿ ವರ್ಷದ ಮೊದಲಿಗೆ ಪ್ರತಿ ಕುಟುಂಬಕ್ಕೂ ಕವರುಗಳ ಒಂದು ಕಟ್ಟು ಸಿಗುತ್ತದೆ. ಮೇಲೆ ಕುಟುಂಬದ ಸಂಖ್ಯೆ, ತಿಂಗಳು. ಕೆಳಗೆ ಸಾಲಾಗಿ ಬಾಬ್ತುಗಳು. ಮಾಸಿಕ ಚಂದಾ, ದಶಮಾಂಶ, ಕೃತಜ್ಞತಾ ಕಾಣಿಕೆ, ಹುಟ್ಟುಹಬ್ಬದ ಕಾಣಿಕೆ, ಮಿಷನ್ ನಿಧಿ, ಕಟ್ಟಡ ನಿಧಿ. ಕಥೋಲಿಕರಲ್ಲಿ ಹತ್ತನೇ ಒಂದು ಪಾಲು ಎಂಬ ಕಟ್ಟಳೆ ಇಲ್ಲ, ಧರ್ಮಕೇಂದ್ರದ ಅಗತ್ಯಗಳಿಗೆ ಶಕ್ತಿಯಿದ್ದಷ್ಟು ನೆರವಾಗಬೇಕು ಎಂದಷ್ಟೇ ಇದೆ. ಪೆಂತೆಕೋಸ್ತ್ ಸಭೆಗಳಲ್ಲಿ ದಶಮಾಂಶ ಬಲು ಕಟ್ಟುನಿಟ್ಟು. ನಡುವೆ ಚರ್ಚ್ ಆಫ್ ಸೌತ್ ಇಂಡಿಯಾದಂಥ (ಸಿ.ಎಸ್.ಐ.) ಸಭೆಗಳಲ್ಲಿ ಒತ್ತಾಯವಿಲ್ಲದಿದ್ದರೂ ಒಳ್ಳೆಯ ಕ್ರೈಸ್ತನ ಗುರುತು ಅದೇ ಎಂಬ ಭಾವನೆ ಬೇರೂರಿದೆ. ಎಲ್ಲರಲ್ಲೂ ಒಪ್ಪಿತವಾದ ಮಾತು ಒಂದೇ: ಹಣದಲ್ಲಿ ದೇವರ ಪಾಲು ಒಂದಿದೆ, ಅದನ್ನು ಮೊದಲು ತೆಗೆದಿಡು, ಮಿಕ್ಕದ್ದನ್ನು ದುಂದು ಮಾಡದೆ ನಿನ್ನಿಷ್ಟದಂತೆ ಬಳಸು. ಆಧ್ಯಾತ್ಮಿಕ ಆದ್ಯತೆಯ ಪ್ರಕಾರ ಖರ್ಚು ಮಾಡುವುದೆಂದರೆ ನಮ್ಮಲ್ಲಿ ಇಷ್ಟೇ ಅರ್ಥ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಕಾಣಿಕೆಗಿಂತ ಮೊದಲು ಬರುವ ಒಂದು ಬಾಬ್ತು ಇದೆ, ಅದು ಯಾವ ಕವರಿನ ಮೇಲೂ ಅಚ್ಚಾಗಿಲ್ಲ. ಬೇರೆಯವರಿಗೆ ನಾವು ಕೊಡಬೇಕಾಗಿರುವ ಹಣ ಅದು: ಕೂಲಿ, ಸಾಲ, ಹಿಂದಿರುಗಿಸಬೇಕಾದ ಅಡ್ವಾನ್ಸ್. ಅದನ್ನು ತೀರಿಸದೆ ಕೊಟ್ಟ ದಶಮಾಂಶ ದೇವರ ಪಾಲಾಗುವುದಿಲ್ಲ, ಇನ್ನೊಬ್ಬರ ದುಡ್ಡನ್ನು ದೇವರ ಹೆಸರಿಗೆ ಬರೆದಂತಾಗುತ್ತದೆ.

ದಶಮಾಂಶದ ಪರವಾಗಿ ಮಾತಾಡುವವರು ಮೊದಲು ತೆರೆಯುವ ಪುಟ ಬೈಬಲಿನ ಮಲಾಕಿ ಪ್ರವಾದಿಯ ಪುಸ್ತಕದ ಮೂರನೆಯ ಅಧ್ಯಾಯ, ಹತ್ತನೆಯ ವಚನ. ದಶಮಾಂಶವನ್ನೆಲ್ಲ ಉಗ್ರಾಣಕ್ಕೆ ತನ್ನಿ, ಆಕಾಶದ ದ್ವಾರಗಳನ್ನು ತೆರೆದು ಹಿಡಿಸಲಾರದಷ್ಟು ಆಶೀರ್ವಾದ ಸುರಿಸುತ್ತೇನೋ ಇಲ್ಲವೋ ನನ್ನನ್ನು ಪರೀಕ್ಷಿಸಿ ನೋಡಿ ಎಂದು ದೇವರು ಹೇಳುವ ಭಾಗ ಅದು. ಕ್ರೈಸ್ತ ಮನೆಯಲ್ಲಿ ಬೆಳೆದವರಿಗೆಲ್ಲ ಬಾಯಿಪಾಠ. ಆದರೆ ಅದೇ ಅಧ್ಯಾಯದ ಐದನೆಯ ವಚನ ಎಷ್ಟು ಜನಕ್ಕೆ ಬಾಯಿಪಾಠ? ಅಲ್ಲಿ ದೇವರು ನ್ಯಾಯತೀರ್ಪಿಗೆ ಬರುತ್ತಾನೆ. ಯಾರ ವಿರುದ್ಧ ತಾನೇ ಸಾಕ್ಷಿ ನಿಲ್ಲುತ್ತೇನೆಂದು ಹೇಳುವ ಪಟ್ಟಿಯಲ್ಲಿ ಮಾಟಗಾರರು, ವ್ಯಭಿಚಾರಿಗಳು, ಸುಳ್ಳಾಣೆ ಇಡುವವರ ಜೊತೆಗೆ ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವರೂ ವಿಧವೆ, ಅನಾಥ, ಪರದೇಶಿಯರನ್ನು ತುಳಿಯುವವರೂ ಇದ್ದಾರೆ. ಎರಡು ವಚನಗಳ ನಡುವೆ ಇರುವುದು ನಾಲ್ಕೇ ವಚನ. ಓದುವ ಕ್ರಮದಲ್ಲಿ ಕೂಲಿ ಮೊದಲು, ದಶಮಾಂಶ ಆಮೇಲೆ. ನಾವು ಐದನ್ನು ಹಾರಿ ಹತ್ತಕ್ಕೆ ಬಂದು ನಿಂತಿದ್ದೇವೆ.

ಆ ಉಗ್ರಾಣದ ದಶಮಾಂಶ ಯಾರಿಗೆ ಸೇರುತ್ತಿತ್ತು ಎಂಬುದನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಸ್ರಾಯೇಲಿನ ಕುಲಗಳಲ್ಲಿ ಲೇವಿಯರಿಗೆ ಮಾತ್ರ ಭೂಮಿಯ ಪಾಲು ಇರಲಿಲ್ಲ. ದೇವಾಲಯದ ಕೆಲಸವೇ ಅವರ ಕೆಲಸ, ದಶಮಾಂಶವೇ ಅವರ ಅನ್ನ. ನೆಹೆಮೀಯನ ಪುಸ್ತಕದ ಹದಿಮೂರನೆಯ ಅಧ್ಯಾಯದಲ್ಲಿ ಈ ಪಾಲು ನಿಂತುಹೋಗಿ ಲೇವಿಯರೂ ಗಾಯಕರೂ ದೇವಾಲಯ ಬಿಟ್ಟು ಹೊಲಗಳಿಗೆ ಓಡಿಹೋದ ಸಂಗತಿ ಬರುತ್ತದೆ. ಅಂದರೆ ದಶಮಾಂಶ ಮೂಲದಲ್ಲಿ ಒಂದು ಸಂಬಳ, ನೆಲವಿಲ್ಲದವರಿಗೆ ನೆಲವಿದ್ದವರು ಕೊಡಬೇಕಾದ ಬಾಕಿ. ಅದನ್ನು ತಡೆದವರನ್ನು ಮಲಾಕಿ ಕಳ್ಳರೆಂದು ಕರೆಯುವುದು ಅದಕ್ಕೇ. ಹೀಗೆ ಹುಟ್ಟಿದ ಏರ್ಪಾಡನ್ನು, ಸಂಬಳದ ಬಾಕಿ ಉಳಿಸಿಕೊಂಡವರೂ ಕೊಟ್ಟು ನಿಶ್ಚಿಂತರಾಗಬಹುದಾದ ಕಾಣಿಕೆಯನ್ನಾಗಿ ನಾವು ಮಾಡಿಕೊಂಡಿದ್ದೇವೆ.

ಯೇಸುವಿನ ಮಾತೂ ಇದೇ ದಾರಿಯದು. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಎಣಿಸಿ ಕೊಟ್ಟು ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟವರನ್ನು ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಅವನು ಖಂಡಿಸುತ್ತಾನೆ. ದಶಮಾಂಶ ಬೇಡ ಎನ್ನುವುದಿಲ್ಲ. ಇವನ್ನೂ ಮಾಡಬೇಕು, ಅವನ್ನೂ ಬಿಡಬಾರದು ಎನ್ನುತ್ತಾನೆ. ಆದರೆ ಯಾವುದು ಮುಖ್ಯ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ. ತಂದೆತಾಯಿಗೆ ಕೊಡಬೇಕಾದ್ದನ್ನು ಕೊರ್ಬಾನ್, ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವವರ ಬಗ್ಗೆ ಮಾರ್ಕನ ಏಳನೆಯ ಅಧ್ಯಾಯದಲ್ಲಿ ಆಡಿದ ಮಾತು ಇನ್ನೂ ಕಠಿಣ. ದೇವರ ಹೆಸರಿನಲ್ಲಿ ಮನುಷ್ಯರ ಬಾಕಿ ತಪ್ಪಿಸಿಕೊಳ್ಳುವ ದಾರಿ ಅಂದೂ ಇತ್ತು.

ಸುದ್ದಗುಂಟೆಪಾಳ್ಯದಲ್ಲಿ ಇದನ್ನೆಲ್ಲ ಯೋಚಿಸಲು ವಿಶೇಷ ಕಾರಣವಿದೆ. ಡೇರಿ ಸರ್ಕಲ್ಲಿನಿಂದ ಹೊಸೂರು ರಸ್ತೆ ಹಿಡಿದು ಬಂದರೆ ಎದುರಾಗುವ ದೊಡ್ಡ ಆವರಣ ಧರ್ಮಾರಾಮ್ ಕಾಲೇಜಿನದು. ಪಾದ್ರಿಗಳಾಗುವವರು ಓದುವ ಈ ಸಂಸ್ಥೆ 1957ರಲ್ಲಿ ಬೆಂಗಳೂರಿಗೆ ಬಂತು. ಅದರ ಮಗ್ಗುಲಲ್ಲೇ 1969ರಲ್ಲಿ ಕ್ರೈಸ್ಟ್ ಕಾಲೇಜು ಶುರುವಾಗಿ 2008ರಲ್ಲಿ ವಿಶ್ವವಿದ್ಯಾಲಯವಾಯಿತು. ಪಾಳ್ಯದ ಇಂದಿನ ಆರ್ಥಿಕ ಜೀವನ ನಿಂತಿರುವುದು ಬಹುಮಟ್ಟಿಗೆ ಈ ಆವರಣದ ಗೋಡೆಯ ಆಚೀಚೆ. ಕೇರಳದ ಮಕ್ಕಳು, ಮಿಜೋರಾಂ, ನಾಗಾಲ್ಯಾಂಡಿನ ಮಕ್ಕಳು, ಮಂಗಳೂರಿನ ಕಡೆಯವರು ಓದಲು ಬಂದರು. ಅವರಿಗಾಗಿ ಹೆಂಚಿನ ಮನೆಗಳು ಮೂರು, ನಾಲ್ಕು, ಐದು ಅಂತಸ್ತಿನ ಪಿ.ಜಿ.ಗಳಾದವು. ಓಣಿ ಮಾತ್ರ ಹಳೆಯ ಅಗಲದ್ದೇ. ಮೀಲ್ಸ್ ಹೋಟೆಲು, ಝೆರಾಕ್ಸ್ ಅಂಗಡಿ, ಮೊಮೊ ಗಾಡಿ, ನೀರಿನ ಟ್ಯಾಂಕರು ಎಲ್ಲ ಅದರಲ್ಲೇ ಸರಿದಾಡಬೇಕು. ಈ ಕಟ್ಟಡಗಳ ಮಾಲೀಕರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ನಮ್ಮವರೂ ಇದ್ದಾರೆ. ನಾನು ಮಾತಾಡುತ್ತಿರುವುದು ನಮ್ಮವರ ಬಗ್ಗೆ.

ಧರ್ಮಾರಾಮ್, ಕ್ರೈಸ್ಟ್ ಎರಡನ್ನೂ ನಡೆಸುವುದು ಕೇರಳದ ಮಾನ್ನಾನಂನಲ್ಲಿ 1831ರಲ್ಲಿ ಶುರುವಾದ ಸಿ.ಎಂ.ಐ. ಎಂಬ ಸನ್ಯಾಸಿ ಸಭೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಕುರಿಯಾಕೋಸ್ ಏಲಿಯಾಸ್ ಚಾವರ 2014ರ ನವೆಂಬರ್ 23ರಂದು ಸಂತರೆಂದು ಘೋಷಿತರಾದರು. ಅವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ 1868ರಲ್ಲಿ ಅವರು ಕುಟ್ಟನಾಡಿನ ತಮ್ಮ ಹುಟ್ಟೂರು ಕೈನಕರಿಯ ಕುಟುಂಬಗಳಿಗೆ ಬರೆದ ಪತ್ರದ ಬಗ್ಗೆ ಹೊರಗಿನವರಿಗೆ ಅಷ್ಟು ತಿಳಿದಿಲ್ಲ. ‘ಚಾವರುಳ್’ ಎಂದು ಕರೆಯುವ ಈ ಬರಹ ಒಬ್ಬ ತಂದೆ ಮಕ್ಕಳಿಗೆ ಮನೆ ನಡೆಸುವ ಬಗೆ ಹೇಳಿಕೊಟ್ಟಂತಿದೆ. ಜಗಳ, ಸಾಲ, ಗೆಳೆತನ, ಮಕ್ಕಳ ಪಾಲನೆ, ಪ್ರಾರ್ಥನೆಯ ಹೊತ್ತು ಎಲ್ಲವೂ ಅದರಲ್ಲಿದೆ. ಕೆಲಸದವರ ಕೂಲಿಯ ಮಾತೂ ಇದೆ: ನ್ಯಾಯವಾದ ಕೂಲಿ ಕೊಡದಿರುವುದು, ಕೊಡಲು ತಡಮಾಡುವುದು ದೇವರ ಸನ್ನಿಧಿಯವರೆಗೂ ಮೊರೆಯಿಡುವ ಪಾಪ ಎಂಬುದು ಅದರ ಭಾವ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಹೇಳುತ್ತದೆ, ಯಾಕೋಬನ ಪತ್ರದ ಐದನೆಯ ಅಧ್ಯಾಯ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತದೆ. ಆ ಪರಂಪರೆಯನ್ನು ಚಾವರ ನೇರವಾಗಿ ಅಡುಗೆಮನೆಗೆ, ಗದ್ದೆಗೆ ತಂದರು. ಗಮನಿಸಬೇಕಾದ್ದೆಂದರೆ ಅವರು ಇದನ್ನು ಹೇಳಿದ್ದು ದೇವಾಲಯದ ನಿಧಿಯ ಸಂದರ್ಭದಲ್ಲಿ ಅಲ್ಲವೇ ಅಲ್ಲ, ಸಂಸಾರದ ಸಂದರ್ಭದಲ್ಲಿ.

ಈಗ ಪಾಳ್ಯದ ಓಣಿಗೆ ಬರೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಎಂದರೆ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಬಹುಕಾಲದ ರೂಢಿ. ಈಚೆಗೆ ಕೆಲವರು ಐದು, ಆರು ತಿಂಗಳಿಗೆ ಇಳಿದಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡವೆನ್ನುತ್ತದೆ, ಆದರೆ ನಮ್ಮ ಓಣಿಗಳ ಮಟ್ಟಿಗೆ ಅದು ಮಾದರಿಯಾಗಿಯೇ ಉಳಿದಿದೆ. ಅಡ್ವಾನ್ಸ್ ಮಾಲೀಕರ ಸ್ವತ್ತಲ್ಲ, ಬಾಡಿಗೆದಾರರ ಇಡುಗಂಟು. ಆದರೆ ನಮ್ಮ ಓಣಿಗಳಲ್ಲಿ ಅದು ಬಂದ ವಾರದಲ್ಲೇ ಮೇಲಿನ ಅಂತಸ್ತಿನ ಸಿಮೆಂಟಿಗೋ ಮಗಳ ಮದುವೆಗೋ ಸೈಟಿನ ಕಂತಿಗೋ ಹೋಗಿರುತ್ತದೆ. ಮನೆ ಖಾಲಿ ಮಾಡುವ ದಿನ ನಡೆಯುವ ಮಾತುಕತೆ ಪಾಳ್ಯದಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಪರಿಚಿತ.

“ಆಂಟಿ, ಅಡ್ವಾನ್ಸ್ ಯಾವಾಗ ಕೊಡ್ತೀರಾ? ನಾಳೆ ಟ್ರೈನು.”

“ಹೊಸಬರು ಬರಲಿ ಕಣಮ್ಮ. ಅವರು ಕೊಟ್ಟ ಕೂಡಲೇ ನಿನ್ನ ಅಕೌಂಟಿಗೆ ಹಾಕಿಬಿಡ್ತೀನಿ. ಪೇಂಟಿಂಗ್‌ಗೆ ಒಂದು ತಿಂಗಳದ್ದು ಹಿಡ್ಕೋತೀನಿ, ಆಯ್ತಾ?”

ಹುಡುಗಿ ಊರಿಗೆ ಹೋಗುತ್ತಾಳೆ. ಹೊಸಬರು ಬರಲು ಎರಡು ತಿಂಗಳಾಗುತ್ತದೆ. ಪೇಂಟಿಂಗ್ ಜೊತೆ ಗೀಸರ್ ರಿಪೇರಿ, ಕ್ಲೀನಿಂಗ್ ಸೇರಿಕೊಳ್ಳುತ್ತವೆ. ಕೊನೆಗೆ ಸಿಕ್ಕಿದ್ದಕ್ಕೆ ಅವಳು ಸುಮ್ಮನಾಗುತ್ತಾಳೆ, ಐಜಾಲಿನಿಂದಲೋ ಕೊಟ್ಟಾಯಂನಿಂದಲೋ ಫೋನಿನಲ್ಲಿ ಎಷ್ಟು ದಿನ ಜಗಳ ಆಡಲು ಸಾಧ್ಯ? ಹೀಗೆ ಮಾಡುವ ಮಾಲೀಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಕೆಲವರು ಭಾನುವಾರ ತಪ್ಪದೆ ಆರಾಧನೆಗೆ ಬರುವವರು, ಆಸ್ಪತ್ರೆಯಲ್ಲಿರುವ ಬಾಡಿಗೆಯ ಹುಡುಗನಿಗೆ ಗಂಜಿ ಮಾಡಿ ಕಳಿಸುವವರು. ಬಾಡಿಗೆ ಬಂದ ದಿನ ಅದರಲ್ಲಿ ಹತ್ತರಲ್ಲೊಂದನ್ನು ಲೆಕ್ಕಹಾಕಿ ಕವರಿಗೆ ಹಾಕುವವರೂ ಹೌದು. ಆದ್ದರಿಂದಲೇ ಈ ವಿಷಯ ನನ್ನನ್ನು ಕಾಡುವುದು. ಇಷ್ಟು ಶಿಸ್ತಿನ ಭಕ್ತಿಗೆ ಅಡ್ವಾನ್ಸ್ ಹಣ ತನ್ನದಲ್ಲವೆಂದು ಏಕೆ ಹೊಳೆಯಲಿಲ್ಲ? ಯಾರೂ ಹೇಳಿಕೊಡದ ಕಾರಣ. ಪರದೇಶಿ ಎಂದರೆ ಮಲಾಕಿಯ ಕಾಲದವನು, ಕೆಳಗಿನ ಮನೆಯ ವಿದ್ಯಾರ್ಥಿ ಅಲ್ಲ ಎಂಬಂತೆ ಪ್ರಸಂಗ ಸಾಗುವ ಕಾರಣ.

ಇನ್ನೊಂದು ಚಿತ್ರ ಅಡುಗೆಮನೆಯದು. ಡಿಸೆಂಬರಿನಲ್ಲಿ ಸಭೆಯವರು ಕೊಡುವ ಕ್ಯಾಲೆಂಡರ್ ನಮ್ಮ ಬಹಳಷ್ಟು ಮನೆಗಳಲ್ಲಿ ಫ್ರಿಜ್ಜಿನ ಪಕ್ಕದ ಮೊಳೆಗೆ ತೂಗುತ್ತದೆ. ಪ್ರತಿ ತಿಂಗಳ ಹಾಳೆಯ ಮೇಲ್ಭಾಗದಲ್ಲಿ ಸತ್ಯವೇದದ ಒಂದು ವಾಕ್ಯ, ಒಂದು ಜಲಪಾತದ ಇಲ್ಲವೆ ಕುರಿಹಿಂಡಿನ ಫೋಟೋ. ಕೆಳಗೆ ತಾರೀಖುಗಳ ಚೌಕಗಳಲ್ಲಿ ಮನೆಯ ಲೆಕ್ಕ: ಹೆಚ್ಚಿಗೆ ತಂದ ಹಾಲಿನ ಪ್ಯಾಕೆಟ್ಟು, ಸಿಲಿಂಡರ್ ಬುಕ್ ಮಾಡಿದ ದಿನ, ಮತ್ತು ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿದ ದಿನಗಳು. ಆ ಸೊನ್ನೆಗಳು ಕೆಲಸದವಳು ಬಾರದ ದಿನಗಳು. ಒಂದು ಸೊನ್ನೆ ಅವಳ ಜ್ವರ, ಒಂದು ಮಗಳ ಶಾಲೆಯ ಮೀಟಿಂಗು, ಒಂದು ರೇಷನ್ ಕಾರ್ಡಿನ ಓಡಾಟ. ತಿಂಗಳ ಕೊನೆಗೆ ಸಂಬಳವನ್ನು ಮೂವತ್ತರಿಂದ ಭಾಗಿಸಿ ಸೊನ್ನೆಗಳಷ್ಟನ್ನು ಕಳೆಯುತ್ತಾರೆ. ಅದೇ ತಿಂಗಳು ಮನೆಯವರಿಗೆ ಆಫೀಸಿನಲ್ಲಿ ಜ್ವರಕ್ಕೆ ರಜೆ ಸಿಕ್ಕಿರುತ್ತದೆ, ಸಂಬಳ ಕಡಿತವಾಗಿರುವುದಿಲ್ಲ. ಅವಳು ಎಷ್ಟೋ ವೇಳೆ ನಮ್ಮದೇ ಸಭೆಯ ಹಿಂದಿನ ಬೆಂಚಿನವಳು. ಹೀಗೆ ಉಳಿಸಿದ ಕೆಲವು ನೂರು ರೂಪಾಯಿ ಯಾವ ಮಾಲಿನಲ್ಲೂ ಖರ್ಚಾಗುವುದಿಲ್ಲ. ಹಾಗಾಗಿ ಅದು ವ್ಯಾಮೋಹವೆಂದು ಯಾರಿಗೂ ಅನಿಸುವುದಿಲ್ಲ. ಮಿತವ್ಯಯ ಎಂದೇ ಅನಿಸುತ್ತದೆ. ಆದರೆ ಮಲಾಕಿಯ ಐದನೆಯ ವಚನ ನೇರವಾಗಿ ಬೆರಳು ಮಾಡಿ ತೋರಿಸುವುದು ಈ ಹಾಳೆಯನ್ನೇ.

ಇಲ್ಲಿಗೆ ಬಂದಾಗ ವಿರುದ್ಧ ದಿಕ್ಕಿನಿಂದ ಇನ್ನೊಂದು ಜನಪ್ರಿಯ ಅಭಿಪ್ರಾಯ ಎದುರಾಗುತ್ತದೆ: ಕ್ರೈಸ್ತನು ಸರಳವಾಗಿ ಬದುಕಬೇಕು, ಒಳ್ಳೆಯ ಬಟ್ಟೆ, ಊಟ, ಮದುವೆಯ ಸಂಭ್ರಮ ಎಲ್ಲವೂ ಲೌಕಿಕ, ಇವನ್ನು ಬಿಟ್ಟರೆ ಸಮಸ್ಯೆಯೇ ಇಲ್ಲ ಎಂಬುದು. ಇದೂ ನನಗೆ ಸರಿಕಾಣುವುದಿಲ್ಲ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯ ಓದಿ. ಅಲ್ಲಿ ದಶಮಾಂಶವನ್ನು ಹಣ ಮಾಡಿಕೊಂಡು ದೇವರು ಆರಿಸಿದ ಸ್ಥಳಕ್ಕೆ ಹೋಗಿ, ಮನಸ್ಸು ಬಯಸಿದ್ದನ್ನು, ಎತ್ತು, ಕುರಿ, ದ್ರಾಕ್ಷಾರಸ ಏನನ್ನಾದರೂ ಕೊಂಡು, ಮನೆಯವರೆಲ್ಲ ಸೇರಿ ಉಂಡು ಸಂತೋಷಪಡಿ ಎಂದಿದೆ. ಊರಿನ ಲೇವಿಯನನ್ನು ಮಾತ್ರ ಮರೆಯಬೇಡಿ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಇಟ್ಟು ಲೇವಿಯ, ಪರದೇಶಿ, ಅನಾಥ, ವಿಧವೆಯರು ತಿಂದು ತೃಪ್ತರಾಗಲಿ ಎಂದೂ ಇದೆ. ದೇವರ ಪಾಲೆಂದು ತೆಗೆದಿಟ್ಟ ಹಣ ಒಂದು ಹಬ್ಬದೂಟವಾಗಬಹುದು ಎಂಬುದನ್ನು ನಮ್ಮ ಯಾವ ಕವರೂ ಹೇಳುವುದಿಲ್ಲ.

ಆದ್ದರಿಂದ ನನಗೆ ಸುಗ್ಗಿ ಹಬ್ಬದ ಹರಾಜಿನ ಮೇಲೆ ಕೋಪವಿಲ್ಲ. ಆರಾಧನೆ ಮುಗಿದ ಮೇಲೆ ಸಭೆಯ ಅಂಗಳದಲ್ಲಿ ಬಾಳೆಗೊನೆ, ಕುಂಬಳಕಾಯಿ, ನಾಟಿ ಕೋಳಿ, ಯಾರೋ ಮನೆಯಲ್ಲಿ ಮಾಡಿ ತಂದ ಕೇಕು ಹರಾಜಿಗೆ ಬರುತ್ತವೆ. ಇನ್ನೂರು ರೂಪಾಯಿಯ ಹಲಸಿನಹಣ್ಣು ಕೂಗುತ್ತ ಕೂಗುತ್ತ ಐದು ಸಾವಿರಕ್ಕೆ ಏರುತ್ತದೆ, ಗೆದ್ದವರು ಅದನ್ನು ಅಲ್ಲೇ ಬಿಡಿಸಿ ಮಕ್ಕಳಿಗೆಲ್ಲ ಹಂಚುತ್ತಾರೆ. ಪ್ರತಿಷ್ಠೆ ಅದರಲ್ಲಿ ಇಲ್ಲವೆಂದಲ್ಲ. ಆದರೂ ನೂರಾರು ಜನ ಒಟ್ಟಿಗೆ ನಗುವ ಆ ಒಂದು ಗಂಟೆ ನನಗೆ ಪ್ರಿಯ. ಮದುವೆಗೂ ಅಷ್ಟೇ. ಮಗಳ ಮದುವೆಯಲ್ಲಿ ಒಳ್ಳೆಯ ಬಿರಿಯಾನಿ ಮಾಡಿಸುವುದು ಪಾಪ ಅಂತ ಹೇಳುವ ಧರ್ಮ ನನ್ನದಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸು ಸರಳತೆಯ ಪಾಠ ಹೇಳಲಿಲ್ಲ. ನನ್ನ ಪ್ರಶ್ನೆ ಬಿರಿಯಾನಿ ಬಡಿಸಿದವರಿಗೆ, ರಾತ್ರಿ ಎರಡು ಗಂಟೆಗೆ ತಟ್ಟೆ ತೊಳೆದವರಿಗೆ ಆ ರಾತ್ರಿಯೇ ದುಡ್ಡು ಸಂದಿತೇ ಎಂಬುದು. ವಸ್ತುಗಳನ್ನು ಪ್ರೀತಿಸುವುದಕ್ಕಿಂತ ದೊಡ್ಡ ಅಪಾಯ ವಸ್ತುವಿನ ಹಿಂದಿನ ಕೈಯನ್ನು ಕಾಣದಿರುವುದು.

ಕೊಟ್ಟರೆ ನೂರ್ಮಡಿ ಬರುತ್ತದೆ ಎಂದು ಬೋಧಿಸಿ ಬಡವರಿಂದ ಸಾಲ ಮಾಡಿಸಿಯಾದರೂ ಕಾಣಿಕೆ ಹಾಕಿಸುವವರ ಬಗ್ಗೆ ಹೆಚ್ಚು ಬರೆಯಲಾರೆ. ದೇವರನ್ನು ಬಡ್ಡಿ ಕೊಡುವ ಬ್ಯಾಂಕಿನಂತೆ ಕಾಣುವ ಆ ಬೋಧನೆಯನ್ನು ಪ್ರಾಮಾಣಿಕ ಸಭಾಪಾಲಕರು ಎಂದೋ ತಿರಸ್ಕರಿಸಿದ್ದಾರೆ.

ಉತ್ತರ ಕೊಡಲೇಬೇಕಾದ ಆಕ್ಷೇಪ ಬೇರೆಯದು, ಗಟ್ಟಿಯಾದದ್ದು. ಬಾಕಿ ತೀರಿಸಿದ ಮೇಲೆ ಕೊಡು ಎಂದರೆ ಯಾರೂ ಎಂದೂ ಕೊಡುವುದಿಲ್ಲ. ಬಾಕಿ ಮುಗಿಯುವುದೇ ಇಲ್ಲ. ಮೊದಲು ಎತ್ತಿಡುವ ಶಿಸ್ತಿನಿಂದಲೇ ಶಾಲೆ, ಆಸ್ಪತ್ರೆ, ಅನಾಥಾಲಯಗಳು ಎದ್ದವು. ಇದು ನಿಜ. 1855ರಲ್ಲಿ ಬಾಸೆಲ್ ಮಿಷನ್ ಹಣದ ಮುಗ್ಗಟ್ಟಿನಲ್ಲಿದ್ದಾಗ ಕಾರ್ಲ್ ಸಾರಾಸಿನ್ ಎಂಬವರು ಅರ್ಧ ಬಾಟ್ಸೆನ್ ಕಾಣಿಕೆ ಶುರುಮಾಡಿದರು. ಬಾಟ್ಸೆನ್ ಎಂದರೆ ಸ್ವಿಸ್ ಜನರ ಒಂದು ಚಿಲ್ಲರೆ ನಾಣ್ಯ. ಅದರ ಅರ್ಧದಷ್ಟನ್ನು ಒಬ್ಬೊಬ್ಬರು ವಾರಕ್ಕೊಮ್ಮೆ ಕೊಡಬೇಕು, ಅಷ್ಟೇ. ಆಳುಕಾಳುಗಳೂ ಕೈಲಾದಷ್ಟು ಕೊಟ್ಟ ಇಂಥ ಚಿಲ್ಲರೆ ಕಾಸು ಮಂಗಳೂರು, ಧಾರವಾಡಗಳ ಕೆಲಸವನ್ನು ಎತ್ತಿ ನಿಲ್ಲಿಸಿತು. 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ನಮಗೆ ಕೊಟ್ಟ ನಿಘಂಟಿನ ಹಿಂದೆ ಆ ಮಿಷನ್ನಿನ ಆಸರೆ ಇತ್ತು. ಮಿಜೋರಾಂನಲ್ಲಿ 1910ರಿಂದ ಹೆಂಗಸರು ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಸಭೆಗೆಂದು ಎತ್ತಿಡುತ್ತಾರೆ. ನಮ್ಮ ಪಾಳ್ಯದ ಮಿಜೋ ಹುಡುಗಿಯರ ತಾಯಂದಿರೂ ಅವರಲ್ಲಿದ್ದಾರು. ಬಡಮಕ್ಕಳ ಊಟಕ್ಕೆ ‘ಪಿಡಿಯರಿ’, ಅಂದರೆ ಹಿಡಿಯಕ್ಕಿ, ಸಂಗ್ರಹಿಸುವ ಕ್ರಮವನ್ನು ಚಾವರ ರೂಢಿಗೆ ತಂದರೆಂದು ಅವರ ಸಭೆಯವರು ನೆನೆಯುತ್ತಾರೆ. 1869ರಲ್ಲಿ ಕೈನಕರಿಯಲ್ಲಿ ದಿಕ್ಕಿಲ್ಲದ ರೋಗಿಗಳಿಗಾಗಿ ಒಂದು ಆಸರೆಯ ಮನೆಯೂ ಅವರ ಪ್ರೇರಣೆಯಿಂದ ಎದ್ದಿತು.

ಈ ಎಲ್ಲ ಉದಾಹರಣೆಗಳಿಗೆ ನಾನು ತಲೆಬಾಗುತ್ತೇನೆ. ಆದರೆ ಇವು ನನ್ನ ವಾದವನ್ನು ಕೆಡವುವುದಿಲ್ಲ. ಆ ಹಿಡಿಯಕ್ಕಿ ಬಂದದ್ದು ಕೊಡುವವಳ ಮಡಕೆಯಿಂದ, ಇನ್ನೊಬ್ಬರ ಮಡಕೆಯಿಂದ ಅಲ್ಲ. ಕೊಟ್ಟವಳು ತನ್ನ ತುತ್ತನ್ನು ಕಡಿಮೆ ಮಾಡಿಕೊಂಡಳು. ಕೆಲಸದವಳ ಸಂಬಳದಲ್ಲಿ ಕಳೆದು ಕವರಿಗೆ ಹಾಕುವವರು ಕಡಿಮೆ ಮಾಡಿದ್ದು ಅವಳ ತುತ್ತನ್ನು. ಕನ್ನಡಿಗರಿಗೆ ಇದನ್ನು ತಿಳಿಯಲು ಕುಟ್ಟನಾಡಿಗೂ ಬಾಸೆಲ್ಲಿಗೂ ಹೋಗಬೇಕಿಲ್ಲ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ದಾಸೋಹಕ್ಕೇ ತಂದ ಅಕ್ಕಿ ಅದು, ಜಂಗಮರ ಊಟಕ್ಕೆ. ಆದರೂ ಅವಳಿಗೆ ಬೇಡವಾಯಿತು. ಏಕೆ ಕೊಡುತ್ತೇವೆ ಎಂಬುದಕ್ಕಿಂತ ಮುಂಚೆ ಎಲ್ಲಿಂದ ತಂದು ಕೊಡುತ್ತೇವೆ ಎಂದು ಅವಳು ಕೇಳಿದಳು. ಹನ್ನೆರಡನೆಯ ಶತಮಾನದ ಈ ಶರಣೆಯ ಪ್ರಶ್ನೆಯನ್ನು ನಮ್ಮ ಸಭೆಗಳ ಹಣಕಾಸು ಸಮಿತಿಗಳು ಕೇಳುವುದಿಲ್ಲ. ಕವರು ತುಂಬಿದ್ದರೆ ಸಾಕು.

ಬಡ ವಿಧವೆಯ ಎರಡು ಕಾಸಿನ ಕಥೆಯನ್ನೂ ಇಲ್ಲಿ ಎತ್ತುತ್ತಾರೆ. ಅವಳು ಇದ್ದದ್ದನ್ನೆಲ್ಲ ಹಾಕಿದಳು, ನೀವು ಹತ್ತರಲ್ಲೊಂದಕ್ಕೂ ಹಿಂದೆಮುಂದೆ ನೋಡುತ್ತೀರಿ ಎನ್ನುತ್ತಾರೆ. ಅಮೆರಿಕದ ಕಥೋಲಿಕ ವಿದ್ವಾಂಸ ಆಡಿಸನ್ ರೈಟ್ 1982ರಲ್ಲಿ ಈ ಓದನ್ನೇ ಪ್ರಶ್ನಿಸಿದರು. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಈ ಘಟನೆಗೆ ತುಸು ಮೊದಲು ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದಾನೆ. ಘಟನೆಯ ಬೆನ್ನಿಗೇ, ಆ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದು ಎನ್ನುತ್ತಾನೆ. ನಡುವೆ ಒಬ್ಬ ವಿಧವೆ ತನ್ನ ಕೊನೆಯ ಕಾಸನ್ನೂ ಅದೇ ದೇವಾಲಯದ ಪೆಟ್ಟಿಗೆಗೆ ಹಾಕುತ್ತಾಳೆ. ಯೇಸುವಿನ ಮಾತು ಮೆಚ್ಚುಗೆಯಲ್ಲ, ಮರುಕ ಎಂದು ರೈಟ್ ವಾದಿಸಿದರು. ಆ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಅದು ಆ ಹೆಂಗಸಿನ ಕೊಡುಗೈಯನ್ನು ಅವಳಿಂದ ಕಿತ್ತುಕೊಳ್ಳುತ್ತದೆ. ಕೊಡುವ ಘನತೆ ಬಡವರಿಗೂ ಉಂಟು. ಆದರೆ ಅವಳ ಮುಂದೆ ಪೆಟ್ಟಿಗೆ ಹಿಡಿದವರನ್ನು ಯೇಸು ನೋಡುತ್ತಿದ್ದ ಎಂಬುದನ್ನು ಮರೆತು ಆ ಕಥೆಯನ್ನು ಪ್ರಸಂಗದಲ್ಲಿ ಬಳಸುವ ಹಕ್ಕು ಸಭೆಗಿಲ್ಲ.

ಹಾಗಾದರೆ ನೂರರಲ್ಲಿ ಉಳಿದ ತೊಂಬತ್ತನ್ನು ಏನು ಮಾಡಬೇಕು? ಉತ್ತರದ ಎಳೆ ನಮ್ಮ ಬೇರಿನಲ್ಲೇ ಇದೆ. ಬೆಂಗಳೂರು, ಮೈಸೂರು ಸೀಮೆಯ ಹಲವು ಕನ್ನಡ ಸಿ.ಎಸ್.ಐ. ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ಕಾರ್ಪೊರೇಷನ್ ಸರ್ಕಲ್ಲಿನ ಹಡ್ಸನ್ ಚರ್ಚು ಆ ಮಿಷನ್ನಿನವರು ಕನ್ನಡ ಸಭೆಗಾಗಿಯೇ ಕಟ್ಟಿದ್ದು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳುತ್ತಾನೆ. ಅದು ಅವನದೇ ಲೆಕ್ಕವೆಂದು ಎಲ್ಲರ ನಂ­ಬಿಕೆ. ಮೊದಲ ವರ್ಷ 30 ಪೌಂಡ್ ಆದಾಯ, 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90, ಕೊಟ್ಟದ್ದು 62. ನಾಲ್ಕನೆಯ ವರ್ಷ 120, ಕೊಟ್ಟದ್ದು 92. ಕೊಡುವುದಕ್ಕೆ ಶೇಕಡಾವಾರು ಇಲ್ಲ, ಬದುಕುವುದಕ್ಕೆ ಒಂದು ಅಳತೆ ಇದೆ. ನಮ್ಮ ಕ್ರಮ ಇದರ ತಲೆಕೆಳಗು. ಕೊಡುವುದಕ್ಕೆ ಅಳತೆ, ಬದುಕಿಗೆ ಮಿತಿಯೇ ಇಲ್ಲ. ಸಂಬಳ ಮೂವತ್ತು ಸಾವಿರದಿಂದ ಮೂರು ಲಕ್ಷವಾದಾಗ ದಶಮಾಂಶವೂ ಮೂರು ಸಾವಿರದಿಂದ ಮೂವತ್ತು ಸಾವಿರವಾಗುತ್ತದೆ, ಸಭೆಗೆ ಸಂತೋಷ. ಆದರೆ ಮಿಕ್ಕ ಇಪ್ಪತ್ತೇಳು ಸಾವಿರ ಎರಡು ಲಕ್ಷದ ಎಪ್ಪತ್ತು ಸಾವಿರವಾಗಿದ್ದನ್ನು ಯಾರೂ ವಿಚಾರಿಸುವುದಿಲ್ಲ.

ಮನೆ ಸಾಲ, ವಯಸ್ಸಾದ ತಂದೆತಾಯಿ, ಮಕ್ಕಳ ಫೀಸು ಇರುವವರು ವೆಸ್ಲಿಯ ಹಾಗೆ ಬದುಕಲಾರರು, ಆಗಿನ್ನೂ ಅವನಿಗೆ ಸಂಸಾರವಿರಲಿಲ್ಲ. ಅವನ ಅಂಕಿ ನಮಗೆ ಬೇಡ, ಅವನ ಲೆಕ್ಕದ ಕ್ರಮ ಸಾಕು. ಸುಂಕದವ ಜಕ್ಕಾಯನ ಲೆಕ್ಕವೂ ನೆನಪಿರಲಿ. ಯೇಸು ಅವನ ಮನೆಗೆ ಬಂದಾಗ ಅವನು ಎದ್ದುನಿಂತು ಎರಡು ಮಾತು ಕೊಟ್ಟ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ಕಳೆದುಕೊಂಡವರಿಗೇ ವಾಪಸು. ದಾನ ಬೇರೆ, ಮರಳಿಸುವುದು ಬೇರೆ ಎಂದು ಆ ಸುಂಕದವನಿಗೆ ಗೊತ್ತಿತ್ತು. ದೇವಾಲಯಕ್ಕೆ ಎಷ್ಟು ಎಂದು ಅವನೂ ಹೇಳಲಿಲ್ಲ, ಯೇಸುವೂ ಕೇಳಲಿಲ್ಲ.

ಮನೆಗಳಿಗೆ ಹೇಳಿದ್ದನ್ನು ಸಂಸ್ಥೆಗಳಿಗೆ ಹೇಳದಿದ್ದರೆ ಅನ್ಯಾಯ. ಈ ನಗರದಲ್ಲಿ ಕ್ರೈಸ್ತರು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳು ಬೇಕಾದಷ್ಟಿವೆ. ಎಲ್ಲೆಡೆಯಂತೆ ಅಲ್ಲೂ ಗುಡಿಸುವ, ಕಾವಲು ಕಾಯುವ ಕೆಲಸ ಗುತ್ತಿಗೆ ಏಜೆನ್ಸಿಗಳ ಪಾಲಾಗುತ್ತಿದೆ. ಏಜೆನ್ಸಿ ಎಷ್ಟು ಕೊಡುತ್ತದೆ, ಪಿ.ಎಫ್. ಕಟ್ಟುತ್ತದೆಯೇ ಎಂಬುದು ಏಜೆನ್ಸಿಯ ವಿಷಯ ಎಂದು ಒಂದು ಕ್ರೈಸ್ತ ಆಡಳಿತ ಮಂಡಳಿ ಹೇಳುವಂತಿಲ್ಲ. ಚಾವರ ಕೈನಕರಿಯ ರೈತನಿಗೆ ಕೊಡದ ರಿಯಾಯಿತಿಯನ್ನು ಆಡಳಿತ ಮಂಡಳಿಗೆ ಕೊಡುತ್ತಿರಲಿಲ್ಲ.

ಪ್ರತಿ ವರ್ಷ ನಮ್ಮ ಸಭೆಗಳಲ್ಲಿ ವಾರ್ಷಿಕ ಮಹಾಸಭೆ ನಡೆಯುತ್ತದೆ. ಲೆಕ್ಕಪತ್ರದ ಪುಸ್ತಿಕೆ ಹಂಚುತ್ತಾರೆ. ಹಿಂದಿನ ಪುಟಗಳಲ್ಲಿ ಯಾವ ಕುಟುಂಬ ಎಷ್ಟು ಕೊಟ್ಟಿತೆಂದು ಹೆಸರು ಸಹಿತ ಇರುತ್ತದೆ. ಜನ ಮೊದಲು ತೆರೆಯುವುದು ಆ ಪುಟಗಳನ್ನೇ. ಈ ಸಲ ವೆಚ್ಚದ ಪುಟ ತೆರೆಯಲಿ ಎಂದು ಕೇಳಿಕೊಳ್ಳುತ್ತೇನೆ. ಚರ್ಚು ಗುಡಿಸುವವರಿಗೆ, ಗೇಟಿನಲ್ಲಿ ರಾತ್ರಿ ಕೂರುವವರಿಗೆ ತಿಂಗಳಿಗೆ ಎಷ್ಟು ಸಲ್ಲುತ್ತಿದೆ ಎಂದು ಯಾರಾದರೂ ಎದ್ದುನಿಂತು ಕೇಳಲಿ. ಸರ್ಕಾರ ನಿಗದಿಮಾಡಿದ ಕನಿಷ್ಠ ವೇತನವನ್ನು ಅದರ ಪಕ್ಕದಲ್ಲಿ ಬರೆದು ಓದಲಿ. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿದ್ದರೆ, ಆ ವ್ಯತ್ಯಾಸ ಹಳೆಯ ಬಾಕಿ ಸಮೇತ ತೀರುವವರೆಗೆ ಕಟ್ಟಡ ನಿಧಿಯ ಕವರು ಅಚ್ಚಾಗಬಾರದು ಎಂದು ಮಹಾಸಭೆ ನಿರ್ಣಯ ಮಾಡಲಿ.